ಉನ್ನತ ಶಿಕ್ಷಣ ಸಚಿವರಿಗೆ: ನಮ್ಮ ಮಕ್ಕಳಿಗೆ ಕಾಲೇಜಿನಲ್ಲೂ ಓಟು ಕೊಡಿ

ಮಾನ್ಯ ಸಚಿವರೇ, ನಮಸ್ಕಾರ.

ನಾನು ಸರ್ಕಾರಿ ಪದವಿ ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು. ನನ್ನ ಬದುಕಿನ ಮೊದಲ ಓಟು ಹಾಕಿದ್ದು ಊರಿನ ಮತಗಟ್ಟೆಯಲ್ಲಲ್ಲ, 1984ರಲ್ಲಿ, ಬಿ.ಎ. ಎರಡನೇ ವರ್ಷದಲ್ಲಿದ್ದಾಗ, ನಮ್ಮ ಕಾಲೇಜಿನ ವಿದ್ಯಾರ್ಥಿ ಸಂಘಕ್ಕೆ. ಆಗ ದೇಶದಲ್ಲಿ ಓಟಿಗೆ 21 ತುಂಬಿರಬೇಕಿತ್ತು. 1989ರಲ್ಲಿ ಅದು 18ಕ್ಕೆ ಇಳಿಯಿತು. ಅದೇ ಹೊತ್ತಿನಲ್ಲಿ ನಮ್ಮ ರಾಜ್ಯದಲ್ಲಿ ಕಾಲೇಜು ಚುನಾವಣೆ ನಿಂತುಹೋಯಿತು. ವಿಧಾನಸಭೆಗೆ ಓಟು ಹಾಕುವ ಮಕ್ಕಳಿಗೆ ತಮ್ಮ ತರಗತಿಯ ಪ್ರತಿನಿಧಿಯನ್ನು ಆರಿಸುವ ಹಕ್ಕಿಲ್ಲ.

ಚುನಾವಣೆ ನಿಲ್ಲಿಸಿದ್ದಕ್ಕೆ ಕಾರಣ ಇತ್ತು. ಸೈಕಲ್ ಚೈನ್ ಹಿಡಿದು ಹೊಡೆದಾಡಿದ್ದನ್ನು ನಾನೇ ಕಣ್ಣಾರೆ ನೋಡಿದ್ದೇನೆ. ಆದರೆ ಚುನಾವಣೆ ಹೋದ ಮೇಲೆ ರಾಜಕೀಯವೂ ಹೋಯಿತಾ? ಇಲ್ಲ. ಎಬಿವಿಪಿ, ಎನ್‌ಎಸ್‌ಯುಐ, ಎಸ್‌ಎಫ್‌ಐ, ಎಐಡಿಎಸ್‌ಓ ಎಂಬ ವಿದ್ಯಾರ್ಥಿ ಸಂಘಟನೆಗಳೆಲ್ಲ ಇವೆ. ಇರಲಿ, ತಪ್ಪೇನಿಲ್ಲ. ಯಾವ ಮೇಷ್ಟ್ರು ಎಡ, ಯಾವ ಮೇಷ್ಟ್ರು ಬಲ ಅನ್ನುವುದೂ ಮೊದಲ ಸೆಮಿಸ್ಟರ್ ಮುಗಿಯುವಷ್ಟರಲ್ಲಿ ಮಕ್ಕಳಿಗೆ ಗೊತ್ತಾಗಿಬಿಡುತ್ತದೆ. "ಸರ್, ನೀವು ಯಾವ ಪಾರ್ಟಿ?" ಎಂದು ನನ್ನನ್ನು ಪ್ರತಿ ವರ್ಷ ಯಾರಾದರೂ ಕೇಳುತ್ತಿದ್ದರು. ನಾನು ಹೇಳುತ್ತಿರಲಿಲ್ಲ. ಪಾಠ ಮಾಡುವವನು ಹೇಳಬಾರದು ಎಂದೇ ಈಗಲೂ ನಂಬಿದ್ದೇನೆ.

2022ರ ಫೆಬ್ರವರಿ ನಿಮಗೂ ನೆನಪಿರುತ್ತದೆ. ಹಿಜಾಬ್ ವಿಷಯ ಉಡುಪಿಯಿಂದ ಊರೂರಿಗೆ ಹಬ್ಬಿತ್ತು. ನಾನಿದ್ದ ಕಾಲೇಜಿಗೂ ಒಂದು ಬೆಳಿಗ್ಗೆ ಹಿಜಾಬ್ ವಿರೋಧಿಸುವವರ ಕೇಸರಿ ಶಾಲುಗಳು ಬಂದವು, ಮರುದಿನ ಅದನ್ನು ಬೆಂಬಲಿಸುವವರ ನೀಲಿ ಶಾಲುಗಳು. ಯಾರು ತಂದುಕೊಟ್ಟರು ಎಂದರೆ ಒಬ್ಬರೂ ಬಾಯಿ ಬಿಡಲಿಲ್ಲ. ಎರಡೂ ಕಡೆಯವರನ್ನು ಕೂರಿಸಿ ಮಾತಾಡೋಣ ಎಂದರೆ ಯಾರನ್ನು ಕರೆಯುವುದು? ನಮ್ಮ ವಿದ್ಯಾರ್ಥಿ ಪ್ರತಿನಿಧಿ ಅಂಕ ನೋಡಿ ನಾವೇ ನೇಮಿಸಿದ್ದ ಹುಡುಗಿ. ಪಾಪ, ಸ್ಟಾಫ್ ರೂಮಿನ ಬಾಗಿಲಲ್ಲಿ ನಿಂತು ಅಳುತ್ತಿದ್ದಳು. "ನನ್ನ ಮಾತು ಯಾರು ಕೇಳ್ತಾರೆ ಸರ್?" ಎಂದಳು. ಅವಳಿಗೆ ಒಬ್ಬರೂ ಓಟು ಹಾಕಿರಲಿಲ್ಲ ಅಲ್ವಾ? ಒಂದೇ ಬೆಂಚಿನಲ್ಲಿ ಕೂರುತ್ತಿದ್ದ ಇಬ್ಬರು ಗೆಳತಿಯರು ಆ ವಾರದ ನಂತರ ಮಾತು ಬಿಟ್ಟರು. ಪದವಿ ಮುಗಿಸಿ ಹೋಗುವವರೆಗೂ ಮಾತಾಡಲಿಲ್ಲ.

ಹೊಡೆದಾಟದ ಭಯಕ್ಕೆ ಉತ್ತರ ಹೊಸದಾಗಿ ಹುಡುಕಬೇಕಿಲ್ಲ. ಕಾಲೇಜು ಚುನಾವಣೆ ಹೇಗೆ ನಡೆಯಬೇಕು ಎಂದು ಹೇಳಿದ ಲಿಂಗ್ಡೋ ಸಮಿತಿಯ ಶಿಫಾರಸುಗಳನ್ನು ಸುಪ್ರೀಂ ಕೋರ್ಟ್ 2006ರಲ್ಲೇ ಒಪ್ಪಿದೆ. ಒಬ್ಬ ಅಭ್ಯರ್ಥಿಯ ಖರ್ಚು 5,000 ರೂಪಾಯಿ ದಾಟುವಂತಿಲ್ಲ. ಪಕ್ಷಗಳ ದುಡ್ಡು ಮುಟ್ಟುವಂತಿಲ್ಲ. ಅಚ್ಚು ಹಾಕಿಸಿದ ಪೋಸ್ಟರ್ ಬೇಡ. 75 ಶೇಕಡಾ ಹಾಜರಾತಿ ಬೇಕು. ಹತ್ತು ದಿನದಲ್ಲಿ ಎಲ್ಲ ಮುಗಿಯಬೇಕು. ಈ ನಿಯಮ ಇಟ್ಟುಕೊಂಡು ಮೊದಲ ವರ್ಷ ಬರೀ ತರಗತಿ ಪ್ರತಿನಿಧಿಗಳ ಚುನಾವಣೆ ಮಾಡಿ ನೋಡಿ. ಗೆದ್ದವರೇ ಸಂಘದ ಅಧ್ಯಕ್ಷರನ್ನು ಆರಿಸಲಿ.

ಇನ್ನೊಂದು ಮಾತು, ಅತಿಥಿ ಉಪನ್ಯಾಸಕರದ್ದು. ಮುಂದಿನ ವರ್ಷ ಕೆಲಸ ಇರುತ್ತದೋ ಇಲ್ಲವೋ ಎಂಬ ಹೆದರಿಕೆಯಲ್ಲಿ ಸಂವಿಧಾನದ ಪಾಠವನ್ನೂ ತಗ್ಗಿದ ದನಿಯಲ್ಲಿ ಮಾಡುವವರನ್ನು ನೋಡಿದ್ದೇನೆ. ಪಾಠದಲ್ಲಿ ಆಡಿದ ಮಾತಿಗೆ ಕೆಲಸ ಹೋಗುವುದಿಲ್ಲ ಎಂದು ನಿಮ್ಮ ಇಲಾಖೆ ಒಂದು ಸುತ್ತೋಲೆ ಹೊರಡಿಸಲಿ.

ಮುಂದಿನ ಶೈಕ್ಷಣಿಕ ವರ್ಷದ ವೇಳಾಪಟ್ಟಿ ಬರುವಾಗ ಪರೀಕ್ಷೆಯ ದಿನಾಂಕದ ಜೊತೆ ಚುನಾವಣೆಯ ದಿನಾಂಕವೂ ಇರಲಿ ಎಂಬುದು ನನ್ನ ಕೋರಿಕೆ. ಮತಪೆಟ್ಟಿಗೆ ಕಾಯಲು ಜನ ಬೇಕಿದ್ದರೆ ಹೇಳಿ ಕಳಿಸಿ. ನಾನು ಬರುತ್ತೇನೆ.

ಇಂತಿ,
ಒಬ್ಬ ನಿವೃತ್ತ ಉಪನ್ಯಾಸಕ