ಹಲಗೆಯ ದಪ್ಪ ಅಳೆದು ಕೊಳ್ಳುವ ಪದ್ಧತಿ ಬದಲಾಗಲಿ

ಮಾನ್ಯ ಸಂಪಾದಕರೇ,

ಶಾಲೆ, ವಿದ್ಯಾರ್ಥಿನಿಲಯ ಮತ್ತು ಕಚೇರಿಗಳ ಪೀಠೋಪಕರಣಕ್ಕೆ ಕರೆಯುವ ಟೆಂಡರ್‌ಗಳಲ್ಲಿ ಹಲಗೆಯ ಬಗ್ಗೆ ಸಾಮಾನ್ಯವಾಗಿ ಎರಡೇ ಮಾತು ಇರುತ್ತವೆ: ಯಾವ ಬಗೆಯ ಬೋರ್ಡ್ ಮತ್ತು ಎಷ್ಟು ಮಿಲಿಮೀಟರ್ ದಪ್ಪ. ಆ ಹಲಗೆ ಎಷ್ಟು ಭಾರ ಹೊರಬೇಕು, ಹೊತ್ತಾಗ ಎಷ್ಟಕ್ಕಿಂತ ಹೆಚ್ಚು ಬಾಗಬಾರದು, ನೆಲ ಒರೆಸುವ ನೀರು ತಾಗಿದರೆ ಎಷ್ಟು ಉಬ್ಬಬಹುದು ಎಂದು ಕೇಳುವವರು ವಿರಳ. ಇದರ ಫಲವನ್ನು ದಾವಣಗೆರೆಯ ಒಂದು ವಿದ್ಯಾರ್ಥಿನಿಲಯದಲ್ಲಿ ಕಣ್ಣಾರೆ ಕಂಡೆ. ಕಪಾಟುಗಳ ತಳದ ಅಂಚುಪಟ್ಟಿ ಎದ್ದುಬಂದು, ನೀರು ಕುಡಿದ ಪಾರ್ಟಿಕಲ್ ಬೋರ್ಡ್ (ಮರದ ಚೂರುಗಳಿಗೆ ಅಂಟು ಬೆರೆಸಿ ಒತ್ತಿ ಮಾಡಿದ ಹಲಗೆ) ಮುಟ್ಟಿದರೆ ಪುಡಿಪುಡಿಯಾಗಿ ಉದುರುತ್ತಿತ್ತು. ಕೀಲಿನ ಸ್ಕ್ರೂ ಕಿತ್ತುಬಂದ ತೂತುಗಳಿಗೆ ಬೆಂಕಿಕಡ್ಡಿ ತುರುಕಿ ಮತ್ತೆ ಬಿಗಿದಿದ್ದರು. ಪುಸ್ತಕವಿಟ್ಟ ಅಡ್ಡಹಲಗೆಗಳೆಲ್ಲ ನಡುವೆ ಜಗ್ಗಿದ್ದವು. ಟೆಂಡರಿನಲ್ಲಿ ಕೇಳಿದ್ದ 18 ಮಿ.ಮೀ. ದಪ್ಪ ಮಾತ್ರ ಚಾಚೂ ತಪ್ಪದೆ ಇತ್ತು.

ಈ ಜಗ್ಗುವಿಕೆ ಲೆಕ್ಕಕ್ಕೆ ನಿಲುಕದ ಸಂಗತಿಯೇನಲ್ಲ. 900 ಮಿ.ಮೀ. ಉದ್ದ, 300 ಮಿ.ಮೀ. ಅಗಲದ 18 ಮಿ.ಮೀ. ಪಾರ್ಟಿಕಲ್ ಬೋರ್ಡಿಗೆ ಎರಡು ತುದಿಯಲ್ಲಷ್ಟೇ ಆಸರೆ ಕೊಟ್ಟು, ಮೀಟರಿಗೆ 30 ಕೆ.ಜಿ.ಯಷ್ಟು ಪುಸ್ತಕ ಜೋಡಿಸಿದರೆ ಅದು ಮೊದಲ ದಿನವೇ ಸುಮಾರು 8 ಮಿ.ಮೀ. ಬಾಗುತ್ತದೆ, ಭಾರ ಇಳಿಸದೆ ಬಿಟ್ಟರೆ ಕಾಲ ಕಳೆದಂತೆ ಅದು ಇಮ್ಮಡಿಯಾದರೂ ಆಶ್ಚರ್ಯವಿಲ್ಲ. ಆಸರೆಗಳ ನಡುವಿನ ಅಂತರವನ್ನು 600 ಮಿ.ಮೀ.ಗೆ ಇಳಿಸಿದರೆ ಅದೇ ಹಲಗೆಯ ಬಾಗು ಐದರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಇದಕ್ಕೆ ಹೊಸ ತಂತ್ರಜ್ಞಾನ ಬೇಡ, ನಕ್ಷೆ ಬರೆಯುವಾಗ ಒಂದು ನಡುಗೋಡೆ ಹೆಚ್ಚಿಗೆ ಹಾಕಿದರೆ ಸಾಕು.

ಅಂತರ ಕಡಿಮೆ ಮಾಡಲಾಗದ ಕಡೆ, ಅಂದರೆ ಮೇಜಿನ ಮೇಲ್ಹಲಗೆ, ಬಾಗಿಲು, ಉದ್ದದ ಕಪಾಟುಗಳಲ್ಲಿ, ಹಲಗೆಯ ಒಳರಚನೆಯನ್ನೇ ಬದಲಿಸಬೇಕಾಗುತ್ತದೆ. ಬಾಗುವ ಹಲಗೆಯಲ್ಲಿ ಹೆಚ್ಚಿನ ಒತ್ತಡ ಬೀಳುವುದು ಮೇಲ್ಮೈಗೆ ಮತ್ತು ತಳಮೈಗೆ. ಒಂದು ಕುಗ್ಗುತ್ತದೆ, ಇನ್ನೊಂದು ಹಿಗ್ಗುತ್ತದೆ. ನಡುವಿನ ಭಾಗ ಈ ಎರಡನ್ನು ದೂರವಿರಿಸಿ, ಒಂದರ ಮೇಲೊಂದು ಜಾರದಂತೆ ಹಿಡಿದರೆ ಆಯಿತು. ಜೋಳದ ದಂಟು ಗಾಳಿಗೆ ಮುರಿಯದೆ ನಿಲ್ಲುವುದು ಹೊರಗಿನ ಗಟ್ಟಿ ಸಿಪ್ಪೆ ಮತ್ತು ಒಳಗಿನ ಹಗುರ ಬೆಂಡಿನ ಇದೇ ಹಂಚಿಕೆಯಿಂದ. ಎರಡೂ ಬದಿ 3 ಮಿ.ಮೀ. ಗಟ್ಟಿ ಪದರ, ನಡುವೆ 19 ಮಿ.ಮೀ. ಹಗುರ ತಿರುಳು ಇಟ್ಟು 25 ಮಿ.ಮೀ. ಹಲಗೆ ಮಾಡಿದೆವು ಎನ್ನೋಣ. ತಿರುಳಿನ ಸಾಂದ್ರತೆ ಘನಮೀಟರಿಗೆ 250 ಕೆ.ಜಿ. ಇದ್ದರೆ, ಎಂಟಡಿ-ನಾಲ್ಕಡಿ ಹಾಳೆಯ ತೂಕ ಅಂಟು ಸೇರಿ ಸುಮಾರು 28 ಕೆ.ಜಿ. ಬರುತ್ತದೆ; 18 ಮಿ.ಮೀ. ಪಾರ್ಟಿಕಲ್ ಬೋರ್ಡಿನ ಹಾಳೆ ಸುಮಾರು 35 ಕೆ.ಜಿ. ತೂಗುತ್ತದೆ. ಹೀಗೆ ತೂಕ ಕಡಿಮೆಯಾದರೂ, ಮೇಲ್ಪದರಗಳ ಬಿಗುವನ್ನಷ್ಟೇ ಲೆಕ್ಕಕ್ಕೆ ಹಿಡಿದರೆ ಬಾಗದಿರುವ ಗುಣ ಇಮ್ಮಡಿಗೂ ಮಿಗಿಲು. ತಿರುಳು ಸಡಿಲವಾಗಿದ್ದರೆ ಈ ಲಾಭದಲ್ಲಿ ಒಂದಷ್ಟು ಸೋರಿಹೋಗುತ್ತದೆ, ಆದ್ದರಿಂದ ತಿರುಳನ್ನು ಕೇವಲ ಖಾಲಿ ಜಾಗ ತುಂಬುವ ವಸ್ತುವೆಂದು ನೋಡುವಂತಿಲ್ಲ.

ಆ ತಿರುಳಿನ ಕಚ್ಚಾವಸ್ತು ನಮ್ಮ ಜಿಲ್ಲೆಯ ರಸ್ತೆ ಬದಿಯಲ್ಲೇ ಬಿದ್ದಿದೆ. ಕೊಯ್ಲಿನ ಕಾಲದಲ್ಲಿ ಚನ್ನಗಿರಿ ಕಡೆ ಹೋದವರಿಗೆ ಅಡಿಕೆ ಸಿಪ್ಪೆಯ ರಾಶಿಗಳನ್ನೂ, ಅವಕ್ಕೆ ಹಚ್ಚಿದ ಬೆಂಕಿಯ ಹೊಗೆಯನ್ನೂ ಹೊಸದಾಗಿ ವಿವರಿಸಬೇಕಿಲ್ಲ. ಮೆಕ್ಕೆಜೋಳದ ಬೆಂಡು, ಚಳ್ಳಕೆರೆಯ ಶೇಂಗಾ ಹೊಟ್ಟು, ಚಿತ್ರದುರ್ಗದ ಹತ್ತಿ ಕಟ್ಟಿಗೆ ಇವೂ ಬೋರ್ಡಿಗೆ ಒದಗುವಂಥವೇ. ಹತ್ತಿ ಕಟ್ಟಿಗೆಯಿಂದ ಪಾರ್ಟಿಕಲ್ ಬೋರ್ಡ್ ತಯಾರಿಸುವ ಬಗ್ಗೆ ಮುಂಬೈನ ಕೇಂದ್ರೀಯ ಹತ್ತಿ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಕೆಲಸ ಮಾಡಿದೆ. ಕಬ್ಬಿನ ಸಿಪ್ಪೆಯನ್ನು ನಾನು ಈ ಪಟ್ಟಿಗೆ ಸೇರಿಸುವುದಿಲ್ಲ. ಸಕ್ಕರೆ ಕಾರ್ಖಾನೆಗಳು ಅದನ್ನು ತಮ್ಮ ಬಾಯ್ಲರಿಗೇ ಉರಿಸಿ ವಿದ್ಯುತ್ ಮಾಡುತ್ತವೆ. ಈಗಾಗಲೇ ಬೆಲೆ ಇರುವ ವಸ್ತುವನ್ನು ತ್ಯಾಜ್ಯವೆಂದು ಎಣಿಸಿ ಹಾಕಿದ ಯೋಜನೆ ಕಾಗದದ ಮೇಲೇ ಉಳಿಯುತ್ತದೆ.

ಅಡಿಕೆ ಸಿಪ್ಪೆಯಲ್ಲೂ ತೊಡಕುಗಳಿವೆ. ಹಸಿ ಸಿಪ್ಪೆಯ ನೀರನ್ನು ಚೆನ್ನಾಗಿ ಇಂಗಿಸದೆ ಬಿಸಿ ಪ್ರೆಸ್‌ಗೆ ಹಾಕಿದರೆ ಒಳಗೆ ಕಟ್ಟಿಕೊಂಡ ಹಬೆ, ಪ್ರೆಸ್ ಬಿಡಿಸಿದ ಕ್ಷಣ ಹಲಗೆಯನ್ನು ನಡುವೆಯೇ ಸೀಳಿಬಿಡುತ್ತದೆ. ಅಗ್ಗದ ಯೂರಿಯಾ ಫಾರ್ಮಾಲ್ಡಿಹೈಡ್ ಅಂಟು ನೀರಿಗೆ ನಿಲ್ಲದು, ಜೊತೆಗೆ ಮುಚ್ಚಿದ ಕೋಣೆಯಲ್ಲಿ ಕಣ್ಣುರಿಸುವ ಅನಿಲ ಬಿಡುತ್ತದೆ. ಫಿನಾಲ್ ಅಂಟು ನೀರಿಗೆ ನಿಲ್ಲುತ್ತದೆ, ಆದರೆ ದುಬಾರಿ. ಮಕ್ಕಳು ಮಲಗುವ ಕೋಣೆಗೆ ಹೋಗುವ ಹಲಗೆಯಲ್ಲಿ ಈ ಖರ್ಚಿನ ಬಗ್ಗೆ ಚೌಕಾಸಿ ಸಲ್ಲದೆಂಬುದು ನನ್ನ ಅಭಿಪ್ರಾಯ. ಸ್ಕ್ರೂ ಹಿಡಿಯುವ ಶಕ್ತಿಯೂ ಹಗುರ ತಿರುಳಿಗೆ ಇರುವುದಿಲ್ಲ. ಆದ್ದರಿಂದ ಸುತ್ತಲೂ ಗಟ್ಟಿ ಮರದ ರೀಪು ಕೂರಿಸಿ, ಕೀಲು ಮತ್ತು ಬೀಗ ಬರುವ ಕಡೆ ಮರದ ತುಂಡು ಇಡಲೇಬೇಕು. ಫ್ಲಶ್ ಡೋರ್ (ಎರಡೂ ಮೈ ಸಪಾಟಾದ ಬಾಗಿಲು) ಮಾಡುವ ಬಡಗಿಗಳಿಗೆ ಇದು ನಿತ್ಯದ ಕೆಲಸ. ಎರಡೂ ಮೇಲ್ಪದರಗಳು ಒಂದೇ ಮರದವು, ಒಂದೇ ದಪ್ಪದವು, ಒಂದೇ ದಿಕ್ಕಿನ ನಾರಿನವು ಆಗಿರದಿದ್ದರೆ ಮಳೆಗಾಲ ಕಳೆಯುವಷ್ಟರಲ್ಲಿ ಹಲಗೆ ಸೊಟ್ಟಗಾಗುತ್ತದೆ.

ಮೇಲ್ಪದರಕ್ಕೆ ಹೆಬ್ಬೇವು ಮತ್ತು ಸಿಲ್ವರ್ ಓಕ್ ನಮ್ಮ ರೈತರ ಜಮೀನಿನಲ್ಲೇ ಬೆಳೆಯುತ್ತವೆ. 1996ರ ಡಿಸೆಂಬರ್‌ನಲ್ಲಿ ಕಾಡಿನ ರಕ್ಷಣೆಗೆ ಸಂಬಂಧಿಸಿದ ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ನೀಡಿದ ಆದೇಶದ ನಂತರ ಪ್ಲೈವುಡ್ ಉದ್ಯಮ ಕಾಡಿನ ಮರದಿಂದ ದೂರ ಸರಿಯಬೇಕಾಯಿತು. ಹರಿಯಾಣದ ಯಮುನಾನಗರದ ಉದ್ಯಮ ಹೊಲದ ಬದುವಿನ ಪಾಪ್ಲರ್ ಮರವನ್ನೂ, ಕೇರಳದ ಪೆರುಂಬಾವೂರಿನದು ಹಾಲು ಬತ್ತಿದ ರಬ್ಬರ್ ಮರವನ್ನೂ ನೆಚ್ಚಿಕೊಂಡು ಬೆಳೆದಿದೆ. ಹೆಬ್ಬೇವು ಮತ್ತು ಅಡಿಕೆ ಸಿಪ್ಪೆ ಎರಡೂ ಕೈಯಳತೆಯಲ್ಲಿರುವ ಜಿಲ್ಲೆಯು ದೂರದೂರಿಂದ ಲಾರಿಯಲ್ಲಿ ಬರುವ ಬೋರ್ಡನ್ನೇ ಕಾಯುತ್ತಾ ಕೂರುವುದಕ್ಕೆ ನನಗಂತೂ ಕಾರಣ ಕಾಣದು.

ಪಾರ್ಟಿಕಲ್ ಬೋರ್ಡಿನ ಐಎಸ್ 3087, ಪ್ಲೈವುಡ್ಡಿನ ಐಎಸ್ 303ರಂಥ ಭಾರತೀಯ ಮಾನಕಗಳಲ್ಲಿ ಬಲ ಮತ್ತು ನೀರಿನ ಪರೀಕ್ಷೆಗಳು ಇದ್ದೇ ಇವೆ, ಆದರೆ ಟೆಂಡರಿನಲ್ಲಿ ಬರೆದ ಮಾನಕದ ಸಂಖ್ಯೆ, ಸಾಮಗ್ರಿ ಇಳಿಸಿಕೊಳ್ಳುವ ಹೊತ್ತಿಗೆ ಯಾರ ನೆನಪಿನಲ್ಲೂ ಇರುವುದಿಲ್ಲ. ಜಿಲ್ಲಾ ಪಂಚಾಯಿತಿ ಹಾಗೂ ಶಿಕ್ಷಣ ಇಲಾಖೆಯ ಮುಂದಿನ ಖರೀದಿಯಲ್ಲಿ ದಪ್ಪದ ಷರತ್ತಿನ ಬದಲು ಮೂರು ಷರತ್ತುಗಳು ಸೇರಲಿ: ನಿಗದಿತ ಭಾರಕ್ಕೆ ನಿಗದಿತ ಮಿತಿಯೊಳಗಿನ ಬಾಗು, 24 ಗಂಟೆ ನೀರಿನಲ್ಲಿಟ್ಟ ತುಂಡಿನ ಉಬ್ಬು, ಮತ್ತು ಕೀಲಿನ ಜಾಗದಲ್ಲಿ ಸ್ಕ್ರೂ ಹಿಡಿತ. ಬಂದ ಸಾಮಗ್ರಿಯಿಂದ ಅಧಿಕಾರಿಗಳೇ ಆರಿಸಿದ ಒಂದು ಹಲಗೆಯನ್ನು ಕೊಯ್ದು ಪರೀಕ್ಷಿಸಿದ ನಂತರವೇ ಬಿಲ್ ಪಾವತಿಯಾಗಲಿ. ದಾವಣಗೆರೆಯಲ್ಲಿ ಯು.ಬಿ.ಡಿ.ಟಿ. ಮತ್ತು ಬಾಪೂಜಿ ಎಂಜಿನಿಯರಿಂಗ್ ಕಾಲೇಜುಗಳಿವೆ, ಚಿತ್ರದುರ್ಗದಲ್ಲಿ ಎಸ್‌.ಜೆ.ಎಂ. ತಾಂತ್ರಿಕ ಸಂಸ್ಥೆ ಇದೆ. ಅಡಿಕೆ ಸಿಪ್ಪೆಯ ತಿರುಳನ್ನು ಅಂತಿಮ ವರ್ಷದ ವಿದ್ಯಾರ್ಥಿಗಳ ಪ್ರಾಜೆಕ್ಟಿಗೆ ಕೊಟ್ಟು, ಅಂಟು ಮತ್ತು ಗೆದ್ದಲಿನ ವಿಷಯದಲ್ಲಿ ಬೆಂಗಳೂರು ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯ ಸಲಹೆ ಪಡೆಯಬಹುದು. ಮೊದಲ ತಂಡದ ಹಲಗೆಗಳನ್ನು ಒಂದೇ ಶಾಲೆಯ ಡೆಸ್ಕ್‌ಗಳಿಗೆ ಹಾಕಿ ಎರಡು ಮಳೆಗಾಲ ನೋಡಿದ ಮೇಲೆ ಉಳಿದ ಶಾಲೆಗಳ ಮಾತು ಎತ್ತಲಿ ಎಂದು ಸಂಬಂಧಪಟ್ಟವರಲ್ಲಿ ವಿನಂತಿಸುತ್ತೇನೆ.

ಇಂತಿ,
ನಿವೃತ್ತ ಮೆಕ್ಯಾನಿಕಲ್ ಉಪನ್ಯಾಸಕ
ದಾವಣಗೆರೆ