ಜೋಯಿ ಬಾರ್ಟನ್ ಜಗಳ: ಗುಂಪಿನವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿ ಇಂಗ್ಲೆಂಡಿನ ಮಾಜಿ ಫುಟ್‌ಬಾಲ್ ಆಟಗಾರ, ಮ್ಯಾನೇಜರ್ ಜೋಯಿ ಬಾರ್ಟನ್ ಬಗ್ಗೆ ಇಲ್ಲಿ ನಡೆದ ಗಲಾಟೆ ಸ್ವಲ್ಪ ಜಾಸ್ತಿಯೇ ಆಯಿತು. ಇನ್ನು ಮುಂದೆ ಬೈಗುಳ ಬೇಡ, ನಡೆದದ್ದನ್ನು ಮಾತ್ರ ಹಾಕಿ.

"ಅವನಿಗೆ ಸುಮ್ನೆ ಕೆಟ್ಟ ಹೆಸರು ತಂದರು" ಅಂದವರಿಗೆ: 2008ರಲ್ಲಿ ಲಿವರ್‌ಪೂಲ್‌ನ ಹೊಡೆದಾಟಕ್ಕೆ ಆತ ಜೈಲಿಗೇ ಹೋಗಿ ಬಂದವನು. 2004ರಲ್ಲಿ ತಂಡದ ಪಾರ್ಟಿಯಲ್ಲಿ ಕಿರಿಯ ಆಟಗಾರನ ಕಣ್ಣಿಗೆ ಉರಿಯುವ ಸಿಗಾರ್ ಚುಚ್ಚಿದ್ದ. 2012ರ ಮೇ 13 ನೆನಪಿದೆ ಅಲ್ವಾ? ಆಗ ಕ್ವೀನ್ಸ್ ಪಾರ್ಕ್ ರೇಂಜರ್ಸ್ ತಂಡದ ನಾಯಕನಾಗಿದ್ದವನು, ಎದುರಾಳಿ ಮ್ಯಾಂಚೆಸ್ಟರ್ ಸಿಟಿಯ ಟೆವೆಜ್‌ಗೆ ಮೊಣಕೈ ಹಾಕಿ ಕೆಂಪು ಕಾರ್ಡ್ ತಿಂದು, ಹೊರಗೆ ಹೋಗುವ ಬದಲು ಅದೇ ತಂಡದ ಅಗುವೆರೊಗೆ ಹಿಂದಿನಿಂದ ಮೊಣಕಾಲಿನಲ್ಲಿ ಗುದ್ದಿ, ಕೊಂಪನಿಗೆ ತಲೆಯಿಂದ ಡಿಕ್ಕಿ ಹೊಡೆಯಲು ಹೋದ. 12 ಪಂದ್ಯ ನಿಷೇಧ. ಬೆಟ್ಟಿಂಗ್‌ಗೆ 2017ರಲ್ಲಿ 18 ತಿಂಗಳು ಆಟದಿಂದ ನಿಷೇಧ, ಆಮೇಲೆ ಕಡಿಮೆ ಮಾಡಿದರು.

ಆದರೆ ಮ್ಯಾನೇಜರ್ ಆಗಿ ಏನೂ ಮಾಡಲಿಲ್ಲ ಅನ್ನುವುದೂ ಸುಳ್ಳು. 2021ರಲ್ಲಿ ಬ್ರಿಸ್ಟಲ್ ರೋವರ್ಸ್ ತಂಡ ಅವನ ಕೈಯಲ್ಲೇ ಕೆಳಗಿನ ಲೀಗ್‌ಗೆ ಇಳಿಯಿತು, ನಿಜ. ಮರುವರ್ಷ ಲೀಗ್‌ನ ಕೊನೆಯ ದಿನ, ಮೇಲೇರಲು ಪೈಪೋಟಿಯಲ್ಲಿದ್ದ ನಾರ್ಥಾಂಪ್ಟನ್ 3-1 ಗೆದ್ದರೂ, ರೋವರ್ಸ್‌ನವರು ಸ್ಕಂತಾರ್ಪ್‌ಗೆ 7-0 ಹೊಡೆದರು! ಎರಡೂ ತಂಡದ ಅಂಕ ಸಮ, ಗೋಲು ವ್ಯತ್ಯಾಸವೂ (ಹೊಡೆದದ್ದು ಕಳೆ ಬಿಟ್ಟುಕೊಟ್ಟದ್ದು) ಸಮ, ಹೊಡೆದ ಒಟ್ಟು ಗೋಲು ಜಾಸ್ತಿ ಅಂತ ಮೇಲೇರಿದರು. ಏಳನೇ ಗೋಲು ಎಲಿಯಟ್ ಆಂಡರ್ಸನ್‌ದು, 85ನೇ ನಿಮಿಷ. ಜನ ಮೈದಾನಕ್ಕೆ ನುಗ್ಗಿ ಆಟವೇ ನಿಂತಿತ್ತು.

ಟಿವಿಯಲ್ಲಿ ಫುಟ್‌ಬಾಲ್ ಬಗ್ಗೆ ಮಾತಾಡುವ ಮಹಿಳಾ ವಿಶ್ಲೇಷಕರ ಬಗ್ಗೆ ಬಾರ್ಟನ್ ಬರೆದದ್ದು ನನಗಂತೂ ಅಸಹ್ಯ. ಆ ಪೋಸ್ಟ್‌ಗಳ ಸ್ಕ್ರೀನ್‌ಶಾಟ್ ಇಲ್ಲಿ ಹಾಕಬೇಡಿ, ಹಾಕಿದರೆ ಅಳಿಸುತ್ತೇನೆ.