ಅಲೆಯ ಚಿತ್ರದ ಕೆಳಗೆ ಶಟರ್ ವೇಗವನ್ನೂ ಅಚ್ಚು ಮಾಡಿ

ಮಾನ್ಯ ಸಂಪಾದಕರೆ,

ರಜೆ ಬಂತೆಂದರೆ ಸಾಪ್ತಾಹಿಕ ಪುರವಣಿಯಲ್ಲಿ ಗೋಕರ್ಣ, ಕಾರವಾರ, ಮುರ್ಡೇಶ್ವರದ ಸಂಜೆಗಡಲಿನ ಚಿತ್ರಗಳು ಸಾಲುಗಟ್ಟುತ್ತವೆ. ಹೆಚ್ಚಿನವುಗಳಲ್ಲಿ ನೀರು ಹಾಲು ಚೆಲ್ಲಿದಂತೆ ಕಾಣುವುದರಿಂದ ‘ಇದೆಲ್ಲ ಕಂಪ್ಯೂಟರ್ ಕೈಚಳಕ’ ಎಂದು ಮೂಗು ಮುರಿಯುವವರಿದ್ದಾರೆ. ಕೈಚಳಕವೇನಿಲ್ಲ. ಶಟರ್, ಅಂದರೆ ಕ್ಯಾಮೆರಾದೊಳಗೆ ಬೆಳಕು ಬಿಡುವ ಪರದೆ, 30 ಸೆಕೆಂಡು ತೆರೆದಿರುತ್ತದೆ, ಅಷ್ಟರಲ್ಲಿ ಮೂರ್ನಾಲ್ಕು ಅಲೆ ಬಂದು ಹೋಗಿ ಎಲ್ಲವೂ ಒಂದರ ಮೇಲೊಂದು ಮೂಡುತ್ತವೆ. ಚಿತ್ರದ ಕೆಳಗೆ ಊರಿನ ಹೆಸರಿನ ಜತೆ ಶಟರ್ ವೇಗವನ್ನೂ ಅಚ್ಚು ಮಾಡಿದರೆ ಈ ಅನುಮಾನ ಇರುವುದಿಲ್ಲ, ಕಲಿಯುವವರಿಗೂ ದಾರಿ ಸಿಗುತ್ತದೆ.

ಸೂರ್ಯ ನೀರಿಗೆ ತಾಗುವ ಹೊತ್ತಿಗೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾ ತೋರುವ ಸೂಕ್ಷ್ಮತೆ) 100, ಎಫ್/11 (ಲೆನ್ಸಿನ ಕಿಂಡಿಯ ಅಳತೆ; ಅಂಕಿ ದೊಡ್ಡದಾದಷ್ಟೂ ಕಿಂಡಿ ಕಿರಿದು) ಇಟ್ಟರೆ ಶಟರ್ ಹೆಚ್ಚುಕಡಿಮೆ 1/30 ಸೆಕೆಂಡಿಗೆ ಬರುತ್ತದೆ. ಅಲ್ಲಿಂದ ಮುಂದೆ ಮೂರ್ನಾಲ್ಕು ನಿಮಿಷಕ್ಕೊಮ್ಮೆ ಬೆಳಕು ಅರ್ಧಕ್ಕಿಳಿಯುತ್ತದೆ. ಹತ್ತು ನಿಮಿಷ ಕಳೆದರೆ 1/4 ಸೆಕೆಂಡು, ಇಪ್ಪತ್ತಕ್ಕೆ 2 ಸೆಕೆಂಡು; ಮೋಡವಿದ್ದರೆ ಇನ್ನೂ ಬೇಗ. ಹೀಗಾಗಿ ವೇಗದ ಚಿತ್ರ ಮೊದಲು, ನಿಧಾನದ್ದು ಆಮೇಲೆ. ಬಂಡೆಗೆ ಬಡಿದು ಸಿಡಿಯುವ ಹನಿಗಳು ಬಿಡಿಬಿಡಿಯಾಗಿ ನಿಲ್ಲಬೇಕಾದರೆ 1/1000 ಬೇಕು. ಸೂರ್ಯಾಸ್ತದ ಹೊತ್ತಿಗೆ ಎಫ್/5.6, ಐಎಸ್‌ಒ 800ರಲ್ಲಿ ಅದು ಸಿಗುತ್ತದೆ. ಹತ್ತು ನಿಮಿಷ ತಡವಾದರೆ ಅದೇ ವೇಗಕ್ಕೆ ಐಎಸ್‌ಒ 6400ಕ್ಕೆ ಏರಿಸಬೇಕಾಗಿ ಚಿತ್ರವೆಲ್ಲ ಕಾಳುಕಾಳು. 1/60ರಿಂದ 1/15ರವರೆಗಿನದು ಯಾತಕ್ಕೂ ಬಾರದ ವೇಗ: ಅಲೆ ನಿಂತಂತೆಯೂ ಇರುವುದಿಲ್ಲ, ಹರಿದಂತೆಯೂ ಇರುವುದಿಲ್ಲ, ಕೈ ಅಲುಗಿದಂತೆ ಕಾಣುತ್ತದೆ.

ನಿಜವಾದ ಸೊಗಸು ಇರುವುದು 1/4ರಿಂದ 1 ಸೆಕೆಂಡಿನೊಳಗೆ. ಅಲ್ಲೂ ಗುಂಡಿ ಒತ್ತುವ ಗಳಿಗೆ ಮುಖ್ಯ. ಅಲೆ ದಡಕ್ಕೆ ನುಗ್ಗುವಾಗ ಒತ್ತಿದರೆ ಬಿಳಿ ಮುದ್ದೆಯಷ್ಟೇ ಸಿಗುತ್ತದೆ. ಬಂದ ನೀರು ಒಂದು ಕ್ಷಣ ನಿಂತು ಹಿಂದಕ್ಕೆ ಜಾರತೊಡಗಿದಾಗ ಒತ್ತಬೇಕು. ಆಗ ನೊರೆ ಉದ್ದುದ್ದ ಗೆರೆಯಾಗಿ ಎಳೆದುಕೊಂಡು, ಅಲೆ ಯಾವ ಕಡೆ ಹೊರಟಿತ್ತೆಂಬುದು ಚಿತ್ರದಲ್ಲಿ ಉಳಿಯುತ್ತದೆ. ಗೋಕರ್ಣದ ಓಂ ಬೀಚಿನ ಕಪ್ಪು ಬಂಡೆಗಳ ಸುತ್ತ ಈ ಗೆರೆಗಳು ಎದ್ದು ಕಾಣುತ್ತವೆ. 5 ಸೆಕೆಂಡು ದಾಟಿದರೆ ಗೆರೆಗಳು ಬೆರೆತುಹೋಗುತ್ತವೆ, 30ಕ್ಕೆ ಅಲೆಯೇ ಇರುವುದಿಲ್ಲ. ಎಲ್ಲರೂ 30ರ ಹಿಂದೆ ಬಿದ್ದಿರುವುದು ನಮಗಂತೂ ಸರಿ ಕಾಣುವುದಿಲ್ಲ. ಅಷ್ಟಕ್ಕೆ ನಮ್ಮ ಹುಬ್ಬಳ್ಳಿಯ ಉಣಕಲ್ ಕೆರೆ ಸಾಕು, ಅರಬೈಲ್ ಘಟ್ಟ ಇಳಿದು ಕಡಲಿಗೆ ಹೋಗಬೇಕಿಲ್ಲ.

ಹೀಗೆ 30ರ ಹಿಂದೆ ಬೀಳಲು ಕಾರಣ ಅಂಗಡಿಯಲ್ಲಿ ಮೊದಲು ಕೈಗಿಡುವ 10 ಸ್ಟಾಪಿನ ಎನ್‌ಡಿ ಫಿಲ್ಟರ್ (ಲೆನ್ಸಿನ ಮುಂದೆ ಹಾಕುವ ಕಪ್ಪು ಗಾಜು) ಎಂದೇ ನಮ್ಮ ಗುಮಾನಿ. ಒಂದು ಸ್ಟಾಪ್ ಎಂದರೆ ಬೆಳಕು ಒಮ್ಮೆ ಅರ್ಧಕ್ಕಿಳಿದಂತೆ. ಅದು ಬೆಳಕನ್ನು ಸಾವಿರ ಪಟ್ಟು ತಗ್ಗಿಸುತ್ತದೆ: 1/30 ಇದ್ದದ್ದು 30 ಸೆಕೆಂಡು ದಾಟುತ್ತದೆ. ಸೂರ್ಯಾಸ್ತವಾಗಿ ಹತ್ತು ನಿಮಿಷ ಕಳೆದರೆ ಶಟರ್ 4 ನಿಮಿಷಕ್ಕೂ ಹೆಚ್ಚು ತೆರೆದಿರಬೇಕಾಗುತ್ತದೆ. ಹೆಚ್ಚಿನ ಕ್ಯಾಮೆರಾಗಳು 30 ಸೆಕೆಂಡಿಗೇ ನಿಲ್ಲುವುದರಿಂದ ಬಲ್ಬ್ ಮೋಡ್ (ನಾವು ಬಿಡುವವರೆಗೂ ಶಟರ್ ತೆರೆದಿರುವ ವ್ಯವಸ್ಥೆ), ರಿಮೋಟ್ ಎಲ್ಲ ಬೇಕು. ಸಂಜೆಗೆ 3 ಸ್ಟಾಪಿನದು ಸಾಕು: ಸೂರ್ಯಾಸ್ತಕ್ಕೆ 1/4, ಹತ್ತು ನಿಮಿಷಕ್ಕೆ 2 ಸೆಕೆಂಡು. ಫಿಲ್ಟರ್ ಇಲ್ಲದವರು ಹದಿನೈದು ನಿಮಿಷ ಕಾದರೂ ಆಯಿತು. ಎಫ್/22ಕ್ಕೆ ಹೋಗಿ ಶಟರ್ ನಿಧಾನ ಮಾಡುವುದು ಬೇಡ. ಅಷ್ಟು ಕಿರಿದಾದ ಕಿಂಡಿಯಲ್ಲಿ ಬೆಳಕು ಚೆದುರಿ ಇಡೀ ಚಿತ್ರ ಮಸುಕಾಗುತ್ತದೆ.

ಕ್ಯಾಮೆರಾದಲ್ಲಿ ‘ಲಾಂಗ್ ಎಕ್ಸ್‌ಪೋಶರ್ ನಾಯ್ಸ್ ರಿಡಕ್ಷನ್’ (ನಿಧಾನದ ಚಿತ್ರದ ಕಾಳು ತೆಗೆಯುವ ಸೌಲಭ್ಯ) ಚಾಲೂ ಇದ್ದರೆ 30 ಸೆಕೆಂಡಿನ ಚಿತ್ರದ ನಂತರ ಇನ್ನೂ 30 ಸೆಕೆಂಡು ಅದು ಮಾತಾಡುವುದಿಲ್ಲ. ಕೆಟ್ಟಿತೆಂದು ಗಾಬರಿಪಟ್ಟು ಬ್ಯಾಟರಿ ಕೀಳಬೇಡಿ. ಫೋಕಸ್ ಮಾಡಿ ಮ್ಯಾನ್ಯುಯಲ್‌ಗೆ ಹಾಕಿದ ಮೇಲೆಯೇ ಕಪ್ಪು ಫಿಲ್ಟರ್ ತಿರುಗಿಸಿ ಹಾಕಬೇಕು. ಆಮೇಲೆ ಆಟೊಫೋಕಸ್ ತಡಕಾಡುತ್ತದೆ.

ಟ್ರೈಪಾಡ್ ವಿಷಯಕ್ಕೆ ಬಂದರೆ, ಕೆಡುವುದು ಹೆಚ್ಚಾಗಿ ಮರಳಿನಲ್ಲಿ. ಹಿಂದಿರುಗುವ ನೀರು ಕಾಲಿನ ಬುಡದ ಮರಳನ್ನು ಕೊರೆದೊಯ್ಯುತ್ತದೆ, ಸ್ಟ್ಯಾಂಡು ಕೂದಲೆಳೆಯಷ್ಟು ಕುಸಿಯುತ್ತದೆ. ಅರ್ಧ ಸೆಕೆಂಡಿನ ಚಿತ್ರ ಹಾಳಾಗಲು ಅಷ್ಟು ಸಾಕು. ಕಾಲುಗಳನ್ನು ಅಗಲಿಸಿ, ಗಟ್ಟಿ ಮರಳು ತಾಗುವವರೆಗೆ ಒತ್ತಿ ಹೂಳಿ, ಒಂದೆರಡು ಅಲೆ ಅದರ ಮೇಲೆ ಹಾದುಹೋಗಲು ಬಿಟ್ಟು ಆಮೇಲೆ ದಿಗಂತದ ಗೆರೆ ಸರಿಮಾಡಬೇಕು. 2 ಸೆಕೆಂಡಿನ ಟೈಮರ್ ಹಾಕಿದರೆ ಒತ್ತುವ ಗಳಿಗೆ ತಪ್ಪುತ್ತದೆ. ಅಲೆಗೆ ರಿಮೋಟೇ ಸರಿ.

ಉಬ್ಬರದ ವೇಳೆ ನೋಡಿಕೊಳ್ಳದೆ ಬಂಡೆ ಹತ್ತಬಾರದು. ದಿನದಿಂದ ದಿನಕ್ಕೆ ಅದು ಸುಮಾರು 50 ನಿಮಿಷ ತಡವಾಗುತ್ತದೆ. ನಿನ್ನೆ ಒಣಗಿದ್ದ ದಾರಿ ಇವತ್ತು ಅದೇ ಹೊತ್ತಿಗೆ ನೀರೊಳಗೆ ಇರಬಹುದು. ಮಳೆಗಾಲದಲ್ಲಿ ಬಂಡೆಯ ಮಾತೇ ಬೇಡ, ದಡದ ಮೇಲಿನಿಂದ ಉದ್ದನೆಯ ಲೆನ್ಸ್ ಸಾಕು.

ಲೆನ್ಸಿಗೆ ಹಾರಿದ ಉಪ್ಪುಹನಿಯನ್ನು ಒಣಬಟ್ಟೆಯಿಂದ ತಿಕ್ಕಿದರೆ ಗೀರು ಬೀಳುತ್ತದೆ. ಸಿಹಿನೀರಲ್ಲಿ ಅದ್ದಿ ಹಿಂಡಿದ ಮೆತ್ತನೆ ಬಟ್ಟೆಯಿಂದ ಮೊದಲು ಒತ್ತಿ ತೆಗೆದು, ನಂತರ ಒಣಗಿದ್ದರಿಂದ ಒರೆಸಬೇಕು. ಟ್ರೈಪಾಡನ್ನು ಹುಬ್ಬಳ್ಳಿಗೆ ತಂದು ತೊಳೆದರಾಯಿತು ಎಂದುಕೊಳ್ಳಬೇಡಿ. ಅಂದೇ ರಾತ್ರಿ ಕಾಲಿನ ಕೀಲುಗಳನ್ನೆಲ್ಲ ಬಿಚ್ಚಿ ಸಿಹಿನೀರಲ್ಲಿ ಜಾಲಿಸಿ, ಬಿಚ್ಚಿದಂತೆಯೇ ಒಣಗಲು ಬಿಡಿ.

– ಹವ್ಯಾಸಿ ಛಾಯಾಗ್ರಾಹಕರು, ವಿದ್ಯಾನಗರ, ಹುಬ್ಬಳ್ಳಿ